ಗುರುತ್ವಾಕರ್ಷಣೆ

ದ್ರವ್ಯರಾಶಿಯುಳ್ಳ ಯಾವುದೇ ಎರಡು ವಸ್ತುಗಳು ಒಂದನ್ನೊಂದು ಸೆಳೆಯುವ ಬಲ. ಇದರ ನಿಯಮವನ್ನು ಐಸಾಕ್ ನ್ಯೂಟನ್ 1687ರಲ್ಲಿ ಪ್ರಕಟಿಸಿದ. ರಾಶಿ ಹೆಚ್ಚಿದಷ್ಟೂ ಸೆಳೆತ ಹೆಚ್ಚು. ದೂರ ಇಮ್ಮಡಿಯಾದರೆ ಸೆಳೆತ ಕಾಲುಭಾಗಕ್ಕೆ ಇಳಿಯುತ್ತದೆ. ಭೂಮಿ ಕಲ್ಲನ್ನು ಎಷ್ಟು ಬಲದಿಂದ ಎಳೆಯುತ್ತದೋ ಕಲ್ಲೂ ಭೂಮಿಯನ್ನು ಅಷ್ಟೇ ಬಲದಿಂದ ಎಳೆಯುತ್ತದೆ. ಭೂಮಿ ಅಗಾಧವಾದ್ದರಿಂದ ಅದು ಅಲುಗಿದ್ದು ಗೊತ್ತಾಗುವುದಿಲ್ಲ, ಅಷ್ಟೆ.

ಪಕ್ಕಪಕ್ಕದ ವಸ್ತುಗಳ ನಡುವಿನ ಸೆಳೆತ ಬಲು ಕ್ಷೀಣ. ಉದಾಹರಣೆಗೆ ಯಾಲಾಲ್ ನೆರೆಯ ತಾಂಡೂರನ್ನು ನೋಡಿ; ಅಲ್ಲಿ ನೆಲಹಾಸಿನ ಸುಣ್ಣಕಲ್ಲಿನ ವ್ಯಾಪಾರ ದೊಡ್ಡದು. ಅಲ್ಲಿ ತಲಾ ಒಂದು ಟನ್ ಚಪ್ಪಡಿಯ ಎರಡು ಅಟ್ಟಿಗಳ ಕೇಂದ್ರಗಳು ಒಂದು ಮೀಟರ್ ಅಂತರದಲ್ಲಿದ್ದರೆ ಅವು ಪರಸ್ಪರ ಎಳೆಯುವ ಬಲ ಸುಮಾರು 7 ಮಿಲಿಗ್ರಾಂ ತೂಕಕ್ಕೆ ಸಮ. ಇಂಥ ಬಲವನ್ನು ಪ್ರಯೋಗಶಾಲೆಯಲ್ಲಿ ಸೀಸದ ಗುಂಡುಗಳಿಂದ 1798ರಲ್ಲಿ ಅಳೆದವನು ಹೆನ್ರಿ ಕ್ಯಾವೆಂಡಿಶ್. ಬೆಟ್ಟವೊಂದು ತೂಗುಗುಂಡನ್ನು ತನ್ನತ್ತ ಎಳೆಯುವುದನ್ನು ಅದಕ್ಕೂ ಮೊದಲೇ, 1774ರಲ್ಲಿ, ನೆವಿಲ್ ಮ್ಯಾಸ್ಕೆಲಿನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಬಳಿ ತೋರಿಸಿದ್ದ.

ಇದೇ ಬಗೆಯ ಸೆಳೆತ ಭೂಮಾಪನವನ್ನೇ ಗೊಂದಲಕ್ಕೆ ಕೆಡವಿದ ಪ್ರಸಂಗಕ್ಕೆ ಬೀದರ್–ನಾರಾಯಣಖೇಡ್ ಸೀಮೆಯ ನಂಟಿದೆ. ಕನ್ಯಾಕುಮಾರಿಯ ಕಡೆಯಿಂದ ಉತ್ತರಕ್ಕೆ ತ್ರಿಕೋನಗಳ ಸರಣಿ ಹೆಣೆಯುತ್ತ ಬಂದ ವಿಲಿಯಂ ಲ್ಯಾಂಬ್ಟನ್ 1815ರಲ್ಲಿ ಬೀದರ್ ಬಳಿ ಆಧಾರರೇಖೆಯನ್ನು ಅಳೆದ. ಅಲ್ಲಿನ ದಾಮರಗಿದ್ದ, ಸುಮಾರು 18 ಡಿಗ್ರಿ 3 ಮಿನಿಟು ಉತ್ತರ ಅಕ್ಷಾಂಶದಲ್ಲಿ, ಮುಖ್ಯ ಠಾಣೆಯಾಯಿತು. ಅಲ್ಲಿಂದ ಮುಂದೆ ಮಧ್ಯಭಾರತದ ಕಲ್ಯಾಣಪುರಕ್ಕೂ ಮುಜಫ್ಫರನಗರ ಸಮೀಪದ ಕಲಿಯಾನಾಕ್ಕೂ ಸರಣಿಯನ್ನು ಒಯ್ದವನು ಜಾರ್ಜ್ ಎವರೆಸ್ಟ್. 1841ರಲ್ಲಿ ಆಂಡ್ರ್ಯೂ ವಾ ಬೀದರಿನಲ್ಲಿ ಆಧಾರರೇಖೆಯನ್ನು ಮತ್ತೆ ಅಳೆದ.

ಸರಪಳಿ ಮತ್ತು ತ್ರಿಕೋನಗಳ ಲೆಕ್ಕ ಒಂದು ಹೇಳಿತು, ನಕ್ಷತ್ರಗಳ ಲೆಕ್ಕ ಇನ್ನೊಂದು. ಕಲ್ಯಾಣಪುರ–ಕಲಿಯಾನಾ ಅಂತರದಲ್ಲಿ ಎರಡಕ್ಕೂ ಅಕ್ಷಾಂಶದ 5.236 ಸೆಕೆಂಡಿನ, ನೆಲದ ಮೇಲೆ ಸುಮಾರು 160 ಮೀಟರಿನ, ವ್ಯತ್ಯಾಸ. ನಕ್ಷತ್ರದ ಎತ್ತರ ಅಳೆಯುವವನಿಗೆ ನೆತ್ತಿಯ ದಿಕ್ಕು ತೋರುವುದು ಗುರುತ್ವವೇ. ಹಿಮಾಲಯ ಅದನ್ನು ಓರೆಯಾಗಿಸಿದರೆ ಅಕ್ಷಾಂಶವೂ ತಪ್ಪುತ್ತದೆ. ಎವರೆಸ್ಟ್ ಈ ವ್ಯತ್ಯಾಸವನ್ನು ಅಳತೆಯ ದೋಷವೆಂದೇ ಬಗೆದ. ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಮಾತ್ರ ಹಿಮಾಲಯ ಮತ್ತು ಅದರಾಚೆಯ ಎತ್ತರದ ನೆಲದ ಸೆಳೆತವನ್ನು ಕುಳಿತು ಲೆಕ್ಕ ಹಾಕಿದ. 1855ರಲ್ಲಿ ಪ್ರಕಟವಾದ ಅವನ ಲೆಕ್ಕದಂತೆ ತೂಗುಗುಂಡು ಉತ್ತರಕ್ಕೆ ವಾಲಬೇಕಾದದ್ದು ಕಲಿಯಾನಾದಲ್ಲಿ 27.853, ಕಲ್ಯಾಣಪುರದಲ್ಲಿ 11.968, ದೂರದ ದಾಮರಗಿದ್ದದಲ್ಲೂ 6.909 ಸೆಕೆಂಡು. ಮೊದಲಿನ ಎರಡರ ವ್ಯತ್ಯಾಸ 15.885. ಅಂದರೆ ಪರ್ವತ ಎಳೆದದ್ದು ಲೆಕ್ಕಕ್ಕೆ ಬಂದದ್ದರ ಮೂರನೆಯ ಒಂದು ಪಾಲು ಮಾತ್ರ.

ತಪ್ಪಿದ ಈ ಲೆಕ್ಕವೇ ದೊಡ್ಡ ಲಾಭ ತಂದಿತು. ಅದೇ ವರ್ಷ ಖಗೋಳಜ್ಞ ಜಾರ್ಜ್ ಏರಿ ಉತ್ತರ ಸೂಚಿಸಿದ: ಪರ್ವತದ ಅಡಿಯಲ್ಲಿ ಹಗುರ ಶಿಲೆಯ ಆಳವಾದ ಬೇರಿದ್ದು ಅದು ಭಾರವಾದ ಪದರದೊಳಕ್ಕೆ ಇಳಿದಿದೆ, ಮೇಲಿನ ಹೆಚ್ಚುವರಿ ರಾಶಿಯನ್ನು ಕೆಳಗಿನ ಕೊರತೆ ಬಹುಮಟ್ಟಿಗೆ ಸರಿದೂಗಿಸುತ್ತದೆ. ಮುಂದೆ ಐಸೊಸ್ಟಸಿ ಎಂದು ಹೆಸರಾದ ವಿಚಾರದ ಬುನಾದಿ ಇದು. ಪ್ರ್ಯಾಟ್ ಬೇರೆಯದೇ ವಿವರಣೆ ಕೊಟ್ಟ. ಹಿಮಾಲಯದ ಮಟ್ಟಿಗೆ ಏರಿಯದೇ ಹೆಚ್ಚು ಒಪ್ಪುತ್ತದೆ.

1915ರಲ್ಲಿ ಐನ್‌ಸ್ಟೈನ್ ಗುರುತ್ವವನ್ನು ದೇಶಕಾಲದ ಬಾಗುವಿಕೆಯಾಗಿ ಕಂಡರೂ ಕಾಗಿಣಾ ನದಿ ಭೀಮೆಯ ಕಡೆಗೆ ಇಳಿಯುವುದನ್ನು ವಿವರಿಸಲು ನ್ಯೂಟನ್ ಧಾರಾಳ ಸಾಕು. ನೆಲದಾಳದ ರಾಶಿಯ ಏರುಪೇರನ್ನು ಗುರುತ್ವದಿಂದ ಓದುವ ಕೆಲಸವಂತೂ ನಿಂತಿಲ್ಲ. ಶ್ರೀಲಂಕಾದ ದಕ್ಷಿಣಕ್ಕೆ ಸೆಳೆತ ಕಡಿಮೆಯಾದ್ದರಿಂದ ಅಲ್ಲಿ ಹಿಂದೂ ಮಹಾಸಾಗರದ ಮಟ್ಟ ಭೂಮಿಯ ಸರಾಸರಿ ಆಕಾರಕ್ಕಿಂತ 100 ಮೀಟರಿಗೂ ಹೆಚ್ಚು ತಗ್ಗಿದೆ. ಈ ತಗ್ಗಿಗೆ ಆಫ್ರಿಕದ ಅಡಿಯಿಂದ ಬಂದ ಬಿಸಿಯಾದ ಹಗುರ ಶಿಲಾದ್ರವ್ಯ ಕಾರಣವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಆತ್ರೇಯೀ ಘೋಷ್ 2023ರಲ್ಲಿ ಪ್ರತಿಪಾದಿಸಿದರು.