ಕಾಳಿಯ ಕಲ್ಲೂ ಶ್ವಾನವಂಶಾವಳಿಯೂ

ನಮ್ಮ ಶಾಸನಗಳಲ್ಲಿ ವಂಶಕಥನಕ್ಕೆ ಅಗ್ರಸ್ಥಾನವಿರುವುದು ವಾಚಕರಿಗೆ ವಿದಿತವೇ ಆಗಿದೆ. ಹಾಸನದ ಬಳಿಯ ಶಾಂತಿಗ್ರಾಮಕ್ಕೆ ತನ್ನ ಹೆಸರನ್ನಿತ್ತಳೆಂದು ಪ್ರತೀತಿಯುಳ್ಳ ಹೊಯ್ಸಳ ರಾಣಿ ಶಾಂತಲೆಯ ತಂದೆ ಮಾರಸಿಂಗಯ್ಯ, ತಾಯಿ ಮಾಚಿಕಬ್ಬೆ ಎಂಬುದನ್ನು ಶ್ರವಣಬೆಳ್ಗೊಳದ ಶಾಸನಗಳೇ ತಿಳಿಸುತ್ತವೆ. ಮನುಷ್ಯರ ಕುಲವನ್ನು ಇಷ್ಟು ಎಚ್ಚರದಿಂದ ಬರೆದಿಟ್ಟ ನಾಡು ತಾನು ಸಾಕಿದ ನಾಯಿಗಳ ಕುಲವನ್ನು ಹೇಗೆ ಕಂಡಿತು, ಇಂದು ಹೇಗೆ ಕಾಣತಕ್ಕದ್ದು ಎಂಬುದೇ ಇಲ್ಲಿಯ ವಿಚಾರ.

ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ. ಶ. 949-50ರ ಶಾಸನವು ಈ ವಿಷಯದಲ್ಲಿ ಮುಖ್ಯವಾದುದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನೂ ಗಂಗ ಬೂತುಗನೂ ಚೋಳ ರಾಜಾದಿತ್ಯನನ್ನು ತಕ್ಕೋಲದಲ್ಲಿ ಎದುರಿಸಿದಾಗ ಮಣಲೇರನೆಂಬ ವೀರನು ಪರಾಕ್ರಮವನ್ನು ಮೆರೆದು, ಮೆಚ್ಚುಗೆಯಾಗಿ ಬೇಡಿ ಪಡೆದದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಬೆಳತೂರಿನ ಪಡುವಣ ಮೊರಡಿಯಲ್ಲಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಎರಡೂ ಒಟ್ಟಿಗೆ ಸತ್ತವು. ಮಣಲೇರನು ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟನು. ಆ ಸ್ಥಾನವನ್ನಾಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಪಾಪಭಾಗಿಯಾಗುವನೆಂಬ ವಿಧಿಯೂ ಅದರಲ್ಲಿದೆ. ಆದರೆ ಕಾಳಿ ಯಾವ ತಾಯಿಯ ಮರಿ, ಯಾವ ತಳಿಯದು ಎಂಬ ಮಾತು ಮಾತ್ರ ಇಲ್ಲ. ಅದರ ಕೀರ್ತಿಗೆ ಕಾರಣ ಅದರ ಕೆಲಸವೇ ಹೊರತು ಕುಲವಲ್ಲ.

ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸಾರಮೇಯವಿನೋದವೆಂಬ ಪ್ರಕರಣವೇ ಇರುವುದರಿಂದ, ನಾಯಿಗಳ ಪರಿಜ್ಞಾನವು ರಾಜಯೋಗ್ಯವಾದ ವಿದ್ಯೆಯಾಗಿತ್ತೆಂದು ಹೇಳಬಹುದು. ಬೇಟೆಯ ಬಯಲೇ ಪರೀಕ್ಷೆಯಾಗಿದ್ದಾಗ, ಓಡಲಾರದ ನಾಯಿಯಿಂದ ಮರಿ ಪಡೆಯುವ ಆಸಕ್ತಿ ಸಾಕುವವರಿಗೆ ಇರಲಾರದೆಂದು ಊಹಿಸುವುದು ಅಸಂಗತವಲ್ಲ.

ಈ ಪರೀಕ್ಷೆ ಇಂದು ಇಲ್ಲವಾಗಿದೆ. ಬೇಟೆ ಕಾನೂನಿನಿಂದ ನಿಂತಿತು. ಘೋರ್ಪಡೆ ಅರಸರ ಮುಧೋಳ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಆ ಊರಿನ ಹೆಸರಿನ ನಾಯಿಯಾದರೋ ಉಳಿದು, 2005ರಲ್ಲಿ ಅಂಚೆಚೀಟಿಯ ಮೇಲೂ ಅಚ್ಚಾಯಿತು. ಖ್ಯಾತಿ ಹೆಚ್ಚಿದಂತೆ ಮರಿಗಳಿಗೆ ಬೆಲೆ ಬರುವುದು ಸಹಜ. ಆಗ ಎತ್ತರ, ಮೈಕಟ್ಟು, ಬಣ್ಣಗಳನ್ನೇ ನೋಡಿ, ಮೆಚ್ಚಿದ ಒಂದೆರಡು ಗಂಡುಗಳಿಂದಲೇ ಊರೆಲ್ಲ ಮರಿ ಪಡೆಯುವ ಪ್ರಲೋಭನೆ ಹುಟ್ಟುತ್ತದೆ.

ಇದರ ಅಪಾಯವೇನೆಂದರೆ, ಪ್ರತಿಯೊಂದು ಪ್ರಾಣಿಯಲ್ಲಿಯೂ ಕೆಲವು ದೋಷಗಳು ಸುಪ್ತವಾಗಿರುತ್ತವೆ. ಇಂಥ ದೋಷವು ತಾಯ್ತಂದೆಗಳಿಬ್ಬರಿಂದಲೂ ಬಂದಾಗ ಮಾತ್ರ ಪ್ರಕಟವಾಗುವುದು. ರಕ್ತಸಂಬಂಧ ಹತ್ತಿರವಾದಷ್ಟೂ ಆ ಸಂಭವ ಹೆಚ್ಚು. ಒಡಹುಟ್ಟಿದ ನಾಯಿಗಳ ಕೂಡಿಕೆಯಿಂದಾದ ಮರಿಯಲ್ಲಿ ಒಂದು ವಂಶವಾಹಿಯ ಎರಡು ಪ್ರತಿಗಳೂ ಒಂದೇ ಪೂರ್ವಜನಿಂದ ಬಂದಿರುವ ಸಂಭವ ನೂರಕ್ಕೆ 25. ತಂದೆ ಮಾತ್ರ ಒಂದೇ ಆಗಿದ್ದರೆ 12.5. ತಲೆತಲಾಂತರ ಹೀಗೆ ನಡೆದರೆ ಸೂಲಿನ ಮರಿಗಳು ಕಡಮೆಯಾಗಿ, ಹುಟ್ಟಿದವೂ ರೋಗಕ್ಕೆ ಸುಲಭವಾಗಿ ತುತ್ತಾಗುವುವು. ಹೊರರೂಪ ಮಾತ್ರ ಸುಂದರವಾಗಿಯೇ ಇರಬಹುದು.

ಆದುದರಿಂದ ವಂಶಾವಳಿ ಬೇಕಾದುದು ಹೆಮ್ಮೆಗಲ್ಲ, ಸಮೀಪಬಂಧುಗಳನ್ನು ಗುರುತಿಸಿ ಬೇರ್ಪಡಿಸುವುದಕ್ಕೆ. 1873ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾಗಿ, ವಂಶಶುದ್ಧಿಯ ದಾಖಲೆಗೆ ಹೆಸರಾದ ಕೆನಲ್ ಕ್ಲಬ್ಬೇ 2009ರಲ್ಲಿ ಒಡಹುಟ್ಟಿದವುಗಳ ಮತ್ತು ತಾಯಿ-ಮಗ, ತಂದೆ-ಮಗಳ ಮರಿಗಳನ್ನು ನೋಂದಾಯಿಸುವುದನ್ನು ನಿಲ್ಲಿಸಿತು. ಭಾರತದ 2017ರ ನಿಯಮಗಳು ತಳಿಗಾರನಿಗೆ ನೋಂದಣಿಯನ್ನು ವಿಧಿಸಿ, 18 ತಿಂಗಳು ತುಂಬದ ಹೆಣ್ಣುನಾಯಿಯಿಂದ ಮರಿ ಪಡೆಯಕೂಡದೆಂದಿವೆ. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೂ ಇದೆ.

ಆದರೆ ನಾಯಿ ಸಾಕುವ ಮನೆಗಳಲ್ಲಿ ಯಾವ ಮರಿ ಯಾರ ಮನೆಯಿಂದ ಬಂದುದೆಂಬ ನೆನಪು ಹಿರಿಯರ ಬಾಯಲ್ಲಿ ಮಾತ್ರ ಉಳಿದಿದ್ದರೆ, ಅದು ಅವರೊಡನೆಯೇ ಹೋಗುವುದು. ಶಾಸನಗಳ ವಂಶಾವಳಿಗಳನ್ನು ಅಕ್ಷರಕ್ಷರವಾಗಿ ಪರಿಶೋಧಿಸಿದ ವಿದ್ವಾಂಸರ ಪರಂಪರೆ ನಮ್ಮಲ್ಲಿದೆ. ಆ ಬಾಯಿಮಾತಿನ ವಂಶಾವಳಿಗಳನ್ನೂ ಕಾಲ ಮೀರುವ ಮುನ್ನ ಸಂಗ್ರಹಿಸುವುದು ಅದೇ ಪರಂಪರೆಗೆ ಉಚಿತವಾದ ಕಾರ್ಯವಾಗಿದೆ.