ವಿದ್ಯಾಧರರ ವಸ್ತು, ಸಾಮಾನ್ಯರ ಕೈ: ಥಾಣೆಯ ಶಿಲಾಹಾರರ ವಂಶಕಥನ ಮತ್ತು ಮಧ್ಯಕಾಲೀನ ಕಥಾಪರಂಪರೆ

1

ಅದ್ಭುತ ಕಥೆಗಳಲ್ಲಿ ಬರುವ ಮಾಯಾವಸ್ತುವನ್ನು ಸಾಮಾನ್ಯ ಮನುಷ್ಯರು ಬಳಸಬಲ್ಲರೇ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಮಕ್ಕಳ ಕುತೂಹಲದ್ದೆಂದು ತೋರುತ್ತದೆ. ನಮಗೂ ಅದು ಎದುರಾದದ್ದು ಮಗುವಿನಿಂದಲೇ. ವಾಶಿಯ ಕನ್ನಡ ಕುಟುಂಬವೊಂದರಲ್ಲಿ ಅತಿಥಿಯಾಗಿದ್ದಾಗ, ಇಂಗ್ಲಿಷ್ ಶಾಲೆಯಲ್ಲಿ ಓದುವ ಆ ಮನೆಯ ಹುಡುಗಿ, ಮಂತ್ರದಂಡವು ಮಾಂತ್ರಿಕರಲ್ಲದವರ ಕೈಗೆ ಸಿಕ್ಕರೆ ಕೆಲಸ ಮಾಡುತ್ತದೆಯೇ, ನಮ್ಮ ಕಡೆಯ ಕಥೆಗಳು ಇದಕ್ಕೆ ಏನು ಹೇಳುತ್ತವೆ ಎಂದು ಕೇಳಿದಳು. ಅವಳು ಓದುತ್ತಿದ್ದುದು ರೋಲಿಂಗ್ ಅವರ ಹ್ಯಾರಿ ಪಾಟರ್ ಕಾದಂಬರಿ. 1997ರಲ್ಲಿ ಆರಂಭವಾದ ಆ ಮಾಲೆಯಲ್ಲಿ ಮಾಂತ್ರಿಕ ಶಕ್ತಿಯು ಹುಟ್ಟಿನೊಡನೆ ಬರುವಂಥದು. ಅದಿಲ್ಲದವರು ಕಲಿತು ಪಡೆಯುವಂತಿಲ್ಲ. ಟೋಲ್ಕಿನ್ ಅವರ ಕೃತಿಯಲ್ಲಾದರೋ (1954–55) ಮಹಾಶಕ್ತಿಯ ಉಂಗುರವನ್ನು ಹೊರುವವರು ರಾಜರಲ್ಲ, ಕುಳ್ಳರಾದ ಹಳ್ಳಿಗರು. ಅಂದರೆ ಆಧುನಿಕ ಪಾಶ್ಚಾತ್ಯ ಕಥನದಲ್ಲಿಯೂ ಈ ಪ್ರಶ್ನೆಗೆ ಏಕಮುಖವಾದ ಉತ್ತರವಿಲ್ಲ.

ನಾವು ಆ ಹೊತ್ತಿಗೆ ಏನೋ ಹೇಳಿ ಮುಗಿಸಿದೆವು. ಆದರೆ ಪ್ರಶ್ನೆ ಅಷ್ಟಕ್ಕೇ ತೀರುವಂಥದಲ್ಲವೆಂದು ಬಳಿಕ ಮನಗಂಡೆವು. ಶಕ್ತಿಯು ಜನ್ಮದಿಂದ ಬರುತ್ತದೆಯೋ ಸಾಧನೆಯಿಂದ ಬರುತ್ತದೆಯೋ ಎಂಬುದು ನಮ್ಮ ಸಮಾಜದ ಹಳೆಯ ವಿವಾದ. ಮಾಯಾವಸ್ತುವಿನ ಪ್ರಶ್ನೆ ಅದರದೇ ಇನ್ನೊಂದು ರೂಪ. ಅಲ್ಲದೆ, ಆ ಮನೆಯಿದ್ದ ನೆಲಕ್ಕೂ ಈ ವಿವಾದಕ್ಕೂ ನೇರವಾದ ಸಂಬಂಧವಿದೆ. ಪ್ರಸ್ತುತ ಲೇಖನದ ಉದ್ದೇಶ ಆ ಸಂಬಂಧವನ್ನು ತೋರಿಸುವುದು.

2

ವಾಶಿಯು ಥಾಣೆ ಖಾರಿಯ ಪೂರ್ವ ದಡದಲ್ಲಿದೆ. 1970ರಲ್ಲಿ ಸ್ಥಾಪಿತವಾದ ಸಿಡ್ಕೋ ಸಂಸ್ಥೆಯು ಕಟ್ಟಿದ ನವಿ ಮುಂಬಯಿಯ ಮೊದಲ ಬಡಾವಣೆಗಳಲ್ಲಿ ಅದೂ ಒಂದು. ನಗರ ಹೊಸದು, ನೆಲ ಹಳೆಯದು. ಸುಮಾರು ಕ್ರಿ.ಶ. 800ರಿಂದ 13ನೆಯ ಶತಮಾನದ ಉತ್ತರಾರ್ಧದವರೆಗೆ ಈ ಕರಾವಳಿಯು ಉತ್ತರ ಕೊಂಕಣದ ಶಿಲಾಹಾರರ ಆಳ್ವಿಕೆಯಲ್ಲಿದ್ದಿತು. ಸ್ಥಾನಕ, ಅಂದರೆ ಇಂದಿನ ಥಾಣೆ, ಅವರ ಮುಖ್ಯ ನಗರ. ಶಾಸನಗಳು ಅವರ ನಾಡನ್ನು ಪುರಿಪ್ರಮುಖವಾದ 1400 ಗ್ರಾಮಗಳ ಕೊಂಕಣವೆಂದು ಕರೆಯುತ್ತವೆ. ಕಲ್ಯಾಣದ ಸಮೀಪದ ಅಂಬರನಾಥ ದೇವಾಲಯದಲ್ಲಿರುವ ಶಕ 982ರ (ಕ್ರಿ.ಶ. 1060) ಶಾಸನವು ಈ ಮನೆತನದ ಮುಮ್ಮುಣಿಯ ಕಾಲದ್ದು.

ಕನ್ನಡ ಸಂಶೋಧಕರಿಗೆ ಈ ಮನೆತನ ಅಪರಿಚಿತವಲ್ಲ. ಕನ್ಹೇರಿ ಗುಹೆಗಳ 9ನೆಯ ಶತಮಾನದ ಶಾಸನಗಳಲ್ಲಿ ಇವರು ಅಮೋಘವರ್ಷನ ಸಾಮಂತರಾಗಿ ಕಾಣಿಸಿಕೊಳ್ಳುತ್ತಾರೆ. ಕವಿರಾಜಮಾರ್ಗವು ಯಾವ ಆಸ್ಥಾನದಲ್ಲಿ ಹುಟ್ಟಿತೋ ಆ ಆಸ್ಥಾನದ ಆಜ್ಞೆ ಥಾಣೆಯ ಖಾರಿಯ ತನಕ ನಡೆಯುತ್ತಿತ್ತು. ಇದೇ ವಂಶದ ಕೊಲ್ಲಾಪುರ ಶಾಖೆಯವರು ಕನ್ನಡದಲ್ಲಿ ಶಾಸನಗಳನ್ನು ಬರೆಯಿಸಿದರು.

ಈ ಶಿಲಾಹಾರರು ತಮ್ಮನ್ನು ಜೀಮೂತವಾಹನನ ಅನ್ವಯದಲ್ಲಿ ಹುಟ್ಟಿದವರೆಂದು ಹೇಳಿಕೊಂಡರು. ತಗರಪುರದ ಅಧೀಶ್ವರರೆಂಬುದೂ ಸುವರ್ಣಗರುಡಧ್ವಜರೆಂಬುದೂ ಅವರ ಬಿರುದುಗಳು. ಜೀಮೂತವಾಹನನಾದರೋ ವಿದ್ಯಾಧರರ ರಾಜಕುಮಾರ. ಗರುಡನಿಗೆ ಆಹಾರವಾಗಬೇಕಿದ್ದ ನಾಗನ ಬದಲು ತಾನೇ ವಧ್ಯಶಿಲೆಯ ಮೇಲೆ ಮಲಗಿದವನು. ಶಿಲೆಯ ಮೇಲೆ ಆಹಾರವಾದವನೆಂಬುದರಿಂದ ಶಿಲಾಹಾರವೆಂಬ ಹೆಸರು ಬಂದಿತೆಂದು ಆ ಮನೆತನದ ವಿವರಣೆ. ಹೀಗೆ, ಆಕಾಶಗಮನಾದಿ ವಿದ್ಯೆಗಳನ್ನು ಕೈವಶ ಮಾಡಿಕೊಂಡ ವರ್ಗವೊಂದನ್ನು ಒಂದು ರಾಜಮನೆತನವು ತನ್ನ ರಕ್ತದ ಮೂಲವೆಂದು ತಾಮ್ರಪಟಗಳಲ್ಲಿ ಬರೆಯಿಸಿತು.

3

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ವಿದ್ಯಾಧರ ಎಂಬ ಪದದ ಅರ್ಥ ವಿದ್ಯೆಯನ್ನು ಧರಿಸಿದವನು ಎಂದು; ಈ ಅರ್ಥದಲ್ಲಿ ಕುಲದ ಸೂಚನೆಯಿಲ್ಲ. ಅಮೋಘವರ್ಷನು ಗೌರವಿಸಿದ ಜಿನಸೇನಾಚಾರ್ಯರ ಆದಿಪುರಾಣದಲ್ಲಿ ನಮಿ ವಿನಮಿಗಳೆಂಬ ಇಬ್ಬರು ಮನುಷ್ಯರು ತಮಗೂ ಪಾಲು ಬೇಕೆಂದು ತಪೋನಿರತನಾದ ಆದಿನಾಥನ ಬಳಿ ಬರುತ್ತಾರೆ. ಧರಣೇಂದ್ರನು ಅವರಿಗೆ ವಿದ್ಯೆಗಳನ್ನೂ ವಿಜಯಾರ್ಧ ಪರ್ವತದ ಆಧಿಪತ್ಯವನ್ನೂ ಕೊಡುತ್ತಾನೆ. ಜೈನ ಕಲ್ಪನೆಯಲ್ಲಿ ವಿದ್ಯಾಧರರು ದೇವತೆಗಳಲ್ಲ, ಮನುಷ್ಯರೇ. ಅವರ ವಿದ್ಯೆಗಳನ್ನು ಮೂರು ಬಗೆಯಾಗಿ ವಿಂಗಡಿಸಲಾಗಿದೆ: ತಾಯಿಯ ಕಡೆಯಿಂದ ಬರುವುದು ಜಾತಿವಿದ್ಯೆ, ತಂದೆಯ ಕಡೆಯಿಂದ ಬರುವುದು ಕುಲವಿದ್ಯೆ, ಸಾಧನೆಯಿಂದ ಪಡೆಯುವುದು ತಪೋವಿದ್ಯೆ. ವಾಶಿಯ ಹುಡುಗಿಯ ಪ್ರಶ್ನೆಯಲ್ಲಿದ್ದ ಎರಡು ಪಕ್ಷಗಳೂ ಈ ವಿಂಗಡಣೆಯಲ್ಲಿವೆ. ನಮ್ಮ ಪರಂಪರೆ ಜನ್ಮದ ಹಕ್ಕನ್ನು ಅಲ್ಲಗಳೆಯಲಿಲ್ಲ. ಅದೊಂದೇ ದಾರಿಯೆಂದೂ ಹೇಳಲಿಲ್ಲ.

ಶಿಲಾಹಾರರ ಪ್ರಶಸ್ತಿಯು ಈ ಮೂರರಲ್ಲಿ ಕುಲವಿದ್ಯೆಯೊಂದನ್ನೇ ಆರಿಸಿಕೊಂಡಿತು. ಅದಕ್ಕೆ ರಾಜಕೀಯ ಕಾರಣವಿದ್ದಿರಬೇಕೆಂದು ನಮ್ಮ ಊಹೆ. 973ರ ಸುಮಾರಿಗೆ ತೈಲಪನು ರಾಷ್ಟ್ರಕೂಟರನ್ನು ಕೆಡವಿದ ಮೇಲೆ ಉತ್ತರ ಕೊಂಕಣದ ಸಾಮಂತರು ಸಾರ್ವಭೌಮನಿಲ್ಲದವರಾದರು. ಶಕ 919ರ (ಕ್ರಿ.ಶ. 997) ಭಾದಾನ ತಾಮ್ರಪಟದಲ್ಲಿ ಅಪರಾಜಿತನು ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನೂ ಹೇಳಿಸಿದ್ದಾನೆ. ಮೇಲಿನವರು ಕೊಟ್ಟ ಅಧಿಕಾರ ಇಲ್ಲವಾದಾಗ ಹುಟ್ಟಿನಿಂದ ಬಂದ ಅಧಿಕಾರದ ಮಾತು ಹೆಚ್ಚು ಅವಶ್ಯವಾಗುವುದು ಸಹಜ.

ಆದರೆ ಅವರು ಮೂಲಪುರುಷನೆಂದು ಆರಿಸಿಕೊಂಡ ಜೀಮೂತವಾಹನನ ಕಥೆಯೇ ಈ ವಾದಕ್ಕೆ ಅನುಕೂಲವಾಗಿಲ್ಲ. 11ನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಆ ಕಥೆ ಕಲ್ಪವೃಕ್ಷದಿಂದ ಆರಂಭವಾಗುತ್ತದೆ. ವೃಕ್ಷವು ಮನೆತನಕ್ಕೆ ಪರಂಪರೆಯಿಂದ ಬಂದ ಆಸ್ತಿ, ಅರಮನೆಯ ಉದ್ಯಾನದಲ್ಲಿದೆ. ಜೀಮೂತವಾಹನನು ಅದರ ಮುಂದೆ ನಿಂತು ಲೋಕದ ದಾರಿದ್ರ್ಯ ನೀಗಲಿ ಎಂದು ಬೇಡುತ್ತಾನೆ. ವೃಕ್ಷವು ಭೂಮಿಯ ಮೇಲೆ ಚಿನ್ನವನ್ನು ಸುರಿಸಿ ಆಕಾಶಕ್ಕೆ ಹಾರಿಹೋಗುತ್ತದೆ. ವೃಕ್ಷವಿಲ್ಲದ ಮನೆ ದುರ್ಬಲವೆಂದು ತಿಳಿದ ದಾಯಾದಿಗಳು ರಾಜ್ಯದ ಮೇಲೆ ಕಣ್ಣು ಹಾಕುತ್ತಾರೆ. ಅವನು ಹೋರಾಡದೆ ತಂದೆತಾಯಿಗಳೊಡನೆ ಮಲಯಪರ್ವತಕ್ಕೆ ಹೊರಡುತ್ತಾನೆ. ಶಿಲೆಯ ಪ್ರಸಂಗ ಬರುವುದು ಆಮೇಲೆ. ಮನೆತನದ ಹೆಸರು ನಿಂತಿರುವುದು ಶಿಲೆಯ ಮೇಲೆ, ವೃಕ್ಷದ ಮೇಲಲ್ಲ. ಕುಲದ ಮಾಯಾವಸ್ತುವನ್ನು ಕುಲದ ಹೊರಗಿನವರಿಗೆಲ್ಲ ಹಂಚಿ ಬರಿಗೈಯಾದವನನ್ನು ಕುಲದ ಹಕ್ಕಿಗೆ ಸಾಕ್ಷಿಯಾಗಿ ನಿಲ್ಲಿಸಿದ್ದು ವಿಚಿತ್ರವೆಂದೇ ಹೇಳಬೇಕು.

4

ಇನ್ನು ಕಥೆಗಳು ಸಾಮಾನ್ಯರ ವಿಷಯದಲ್ಲಿ ನೇರವಾಗಿ ಹೇಳುವುದನ್ನು ನೋಡೋಣ. ಕಥಾಸರಿತ್ಸಾಗರಕ್ಕೆ ಮೂಲವಾದ ಗುಣಾಢ್ಯನ ಬೃಹತ್ಕಥೆಗೆ ಕನ್ನಡನಾಡಿನ ನಂಟು ಹಳೆಯದು. ಗಂಗರ ದುರ್ವಿನೀತನು ಅದನ್ನು ಸಂಸ್ಕೃತಕ್ಕೆ ತಂದನೆಂದು ಗುಮ್ಮರೆಡ್ಡಿಪುರದ ತಾಮ್ರಪಟದಿಂದ ತಿಳಿಯುತ್ತದೆ. ಆ ಪರಂಪರೆಯ ಪುತ್ರಕನ ಕಥೆಯಲ್ಲಿ ಮಯಾಸುರನ ಇಬ್ಬರು ಮಕ್ಕಳು ತಂದೆಯ ಆಸ್ತಿಗಾಗಿ ಕಾದಾಡುತ್ತಿರುತ್ತಾರೆ. ಆಸ್ತಿಯೆಂದರೆ ಬೇಕೆಂದ ಅನ್ನವನ್ನು ಕೊಡುವ ಪಾತ್ರೆ, ಬರೆದುದೆಲ್ಲ ನಿಜವಾಗುವ ದಂಡ, ಆಕಾಶದಲ್ಲಿ ಒಯ್ಯುವ ಪಾದುಕೆಗಳು. ಓಡಿ ಗೆದ್ದವನಿಗೆ ಇವು ಸಲ್ಲಲಿ ಎಂದು ಹೇಳಿ ಅವರನ್ನು ಓಡಿಸಿದ ಪುತ್ರಕನು, ಪಾದುಕೆ ಮೆಟ್ಟಿ ಎಲ್ಲವನ್ನೂ ಎತ್ತಿಕೊಂಡು ಹಾರಿಹೋಗುತ್ತಾನೆ. ಆ ದಂಡದಿಂದ ಗೆರೆಯೆಳೆದು ಪಾಟಲಿಪುತ್ರವನ್ನು ಕಟ್ಟುತ್ತಾನೆ. ಪಾದುಕೆಯು ಮೆಟ್ಟಿದವನ ಕುಲವನ್ನು ಕೇಳಲಿಲ್ಲ. ಅವನು ನ್ಯಾಯವಾಗಿ ಪಡೆದನೇ ಎಂದೂ ಕೇಳಲಿಲ್ಲ.

ಎರಡನೆಯದು ಅಂಜನಚೋರನ ಕಥೆ. ಸಮಂತಭದ್ರರ ರತ್ನಕರಂಡಕವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಮೊದಲನೆಯದಾದ ನಿಃಶಂಕೆಗೆ ಇವನನ್ನು ಉದಾಹರಿಸುತ್ತದೆ. ಪ್ರಭಾಚಂದ್ರರ ಟೀಕೆ ಕಥೆಯನ್ನು ವಿಸ್ತರಿಸುತ್ತದೆ. ಆಕಾಶಗಾಮಿನಿ ವಿದ್ಯೆಯ ಸಾಧನೆಗೆ ಸ್ಮಶಾನದ ಆಲದ ಮರಕ್ಕೆ 108 ಎಳೆಗಳ ನೆಲುವನ್ನು ಕಟ್ಟಿ, ಕೆಳಗೆ ಆಯುಧಗಳನ್ನು ಮೊನೆ ಮೇಲಾಗಿ ನೆಟ್ಟು, ನೆಲುವಿನಲ್ಲಿ ಕುಳಿತು ಮಂತ್ರ ಹೇಳುತ್ತ ಎಳೆಗಳನ್ನು ಕೊಯ್ಯಬೇಕು. ವಿಧಿಯನ್ನು ಬಲ್ಲ ಸೋಮದತ್ತನು ಹತ್ತಿ ಇಳಿಯುತ್ತಿದ್ದಾನೆ. ಮಾತು ಸುಳ್ಳಾದರೆ ಪ್ರಾಣ ಹೋಗುವುದೆಂಬ ಶಂಕೆ ಅವನದು. ರಾಣಿಯ ಹಾರವನ್ನು ಕದ್ದು ಓಡಿಬಂದ ಕಳ್ಳನು ಮಂತ್ರವನ್ನು ಕೇಳಿ ಕಲಿತು, ಒಂದೇ ಏಟಿಗೆ ಎಲ್ಲ ಎಳೆಗಳನ್ನೂ ಕೊಯ್ಯುತ್ತಾನೆ. ಬೀಳುವ ಮೊದಲೇ ವಿದ್ಯೆ ಒಲಿಯುತ್ತದೆ. ಇಲ್ಲಿ ಯೋಗ್ಯತೆಯೆಂದರೆ ಕುಲವಲ್ಲ, ಶೀಲವೂ ಅಲ್ಲ. ನಂಬಿ ಕೊಯ್ಯುವ ಧೈರ್ಯ. ನಯಸೇನನು 1112ರಲ್ಲಿ ಮುಳುಗುಂದದಲ್ಲಿ ಧರ್ಮಾಮೃತವನ್ನು ರಚಿಸಿದಾಗ ಈ ಎಂಟು ಅಂಗಗಳಿಗೆ ಒಂದೊಂದು ಕಥೆಯನ್ನು ತಿಳಿಗನ್ನಡದಲ್ಲಿ ಹೇಳಿದನು. ಸಂಸ್ಕೃತವನ್ನು ಬೆರಸಿ ಕ್ಲಿಷ್ಟಗೊಳಿಸುವವರನ್ನು ಅವನು ಆಕ್ಷೇಪಿಸಿದ್ದು ಪ್ರಸಿದ್ಧವಾಗಿಯೇ ಇದೆ. ವಿದ್ಯೆ ಯಾರಿಗೂ ದಕ್ಕಬಹುದೆನ್ನುವ ಕಥಾವರ್ಗವು ಯಾರಿಗೂ ತಿಳಿಯುವ ಭಾಷೆಯನ್ನು ಅರಸಿದ್ದು ಕಾಕತಾಳೀಯವಲ್ಲವೆಂದು ನಾವು ಭಾವಿಸುತ್ತೇವೆ.

ಮೂರನೆಯದು ನೇಯ್ಗೆಯವನ ಕಥೆ. 1199ರಲ್ಲಿ ಪೂರ್ಣಭದ್ರನು ಸಿದ್ಧಪಡಿಸಿದ ಪಂಚತಂತ್ರದಲ್ಲಿ ಇದು ಬರುತ್ತದೆ. ರಾಜಕುಮಾರಿಗೆ ಮನಸೋತ ನೇಯ್ಗೆಯವನಿಗೆ ಅವನ ಗೆಳೆಯನಾದ ಬಡಗಿಯು ಕೀಲು ತಿರುಗಿಸಿದರೆ ಹಾರುವ ಮರದ ಗರುಡನನ್ನು ಮಾಡಿಕೊಡುತ್ತಾನೆ. ಅದನ್ನೇರಿ ವಿಷ್ಣುವಿನ ವೇಷದಲ್ಲಿ ಅವನು ಅಂತಃಪುರವನ್ನು ಸೇರುತ್ತಾನೆ. ಅಳಿಯನು ವಿಷ್ಣುವೆಂದು ನಂಬಿದ ರಾಜನು ನೆರೆಯವರ ಮೇಲೆ ಯುದ್ಧ ಹೂಡುತ್ತಾನೆ. ಕೊನೆಗೆ ನೇಯ್ಗೆಯವನು ಸಾಯಲು ಸಿದ್ಧನಾಗಿ ರಣಕ್ಕೆ ಹೊರಟಾಗ, ಅವನು ಸೋತರೆ ಜನರು ತನ್ನನ್ನು ಪೂಜಿಸುವುದನ್ನು ಬಿಟ್ಟಾರೆಂದು ನಿಜವಾದ ವಿಷ್ಣುವೇ ಅವನ ಶರೀರವನ್ನು ಹೊಕ್ಕು ಗೆಲ್ಲಿಸುತ್ತಾನೆ. ಥಾಣೆಯ ಅರಸರ ಧ್ವಜದಲ್ಲಿದ್ದುದು ಚಿನ್ನದ ಗರುಡ, ಪೂರ್ವಜರ ಹೆಸರಿನಿಂದ ಬಂದದ್ದು. ಈತನದು ಮರದ ಗರುಡ, ಕಸುಬುದಾರನ ಕೈಯಿಂದ ಬಂದದ್ದು. ಹಾರಿದ್ದು ಮರದ್ದು.

5

ಹಾಗೆಂದು ಈ ಕಥೆಗಳು ಸಾಮಾನ್ಯರಿಗೆ ನಿಬಂಧನೆಯಿಲ್ಲದೆ ಎಲ್ಲವನ್ನೂ ಕೊಟ್ಟುಬಿಟ್ಟವೆಂದು ಹೇಳುವುದು ಸರಿಯಾಗದು. ಕಳ್ಳನು ವಿದ್ಯೆಯನ್ನು ಪಡೆದ ಮೇಲೆ ದೀಕ್ಷೆ ವಹಿಸುತ್ತಾನೆ; ನೇಯ್ಗೆಯವನನ್ನು ಉಳಿಸುವುದಕ್ಕೆ ದೇವರೇ ಬರಬೇಕಾಗುತ್ತದೆ. ಕನ್ನಡದಲ್ಲಿ ಬತ್ತೀಸ ಪುತ್ತಳಿಯ ಕಥೆಯೆಂದು ಮನೆಮಾತಾದ ಸಿಂಹಾಸನ ಕಥೆಯಲ್ಲಿ, ಹೊಲ ಕಾಯುವ ಬ್ರಾಹ್ಮಣನು ದಿಬ್ಬದ ಮೇಲಿನ ಅಟ್ಟಣೆಗೆ ಹತ್ತಿದಾಗ ಉದಾರಿ, ಇಳಿದಾಗ ಜಿಪುಣ. ದಿಬ್ಬದ ಅಡಿಯಲ್ಲಿ ವಿಕ್ರಮನ ಸಿಂಹಾಸನವಿದೆ. ವಸ್ತುವಿನ ಗುಣ ಅವನಲ್ಲಿ ನಿಲ್ಲಲಿಲ್ಲ. ಆದರೆ ಅದೇ ಸಿಂಹಾಸನವನ್ನು ಅಗೆಯಿಸಿ ತೆಗೆದ ಭೋಜರಾಜನನ್ನು ಗೊಂಬೆಗಳು ಒಂದೊಂದಾಗಿ ತಡೆದು, ವಿಕ್ರಮನ ಔದಾರ್ಯ ನಿನ್ನಲ್ಲಿದೆಯೇ ಎಂದು ಪ್ರಶ್ನಿಸುತ್ತವೆ. ರಾಜನ ಹುಟ್ಟು ಅಲ್ಲಿ ಉತ್ತರವಾಗುವುದಿಲ್ಲ.

ಇನ್ನೊಂದು ಮಿತಿಯನ್ನೂ ಹೇಳಬೇಕು. ಮೇಲೆ ಕೊಟ್ಟ ಉದಾಹರಣೆಗಳಲ್ಲಿ ವಸ್ತುವನ್ನು ಹಿಡಿದವರೆಲ್ಲರೂ ಗಂಡಸರು. ವಿದ್ಯೆಗಳು ದೇವಿಯರಾಗಿ ಬಂದು ಅಪ್ಪಣೆ ಕೇಳುತ್ತವೆ. ಅಪ್ಪಣೆ ಕೊಡುವವನು ಪುರುಷ. ನಮ್ಮನ್ನು ಕೇಳಿದವಳು ಹುಡುಗಿಯಾದ್ದರಿಂದ ಇದನ್ನು ಮರೆಮಾಚುವಂತಿಲ್ಲ. ಕಥಾಸರಿತ್ಸಾಗರದಲ್ಲಿ ಮಯಾಸುರನ ಮಗಳು ಸೋಮಪ್ರಭೆಯು ಕೀಲು ಒತ್ತಿದರೆ ಚಲಿಸುವ ಮರದ ಗೊಂಬೆಗಳನ್ನು ಬುಟ್ಟಿಯಲ್ಲಿ ತುಂಬಿಕೊಂಡು ಮನುಷ್ಯಳಾದ ಗೆಳತಿ ಕಲಿಂಗಸೇನೆಗೆ ತಂದು ತೋರಿಸುತ್ತಾಳೆ. ಗೆಳೆತನದ ಮೂಲಕ ವಸ್ತುವು ಕುಲದ ಗಡಿಯನ್ನು ದಾಟಿದ ನಿದರ್ಶನವಿದು. ಆದರೆ ಕಲಿಂಗಸೇನೆ ರಾಜಪುತ್ರಿ, ಸಾಮಾನ್ಯಳಲ್ಲ.

ಒಟ್ಟಿನಲ್ಲಿ ನಮಗೆ ಕಂಡದ್ದಿಷ್ಟು. ಮಧ್ಯಕಾಲೀನ ಕಥೆಗಳಲ್ಲಿ ಮಾಯಾವಸ್ತುವು ಹಿಡಿದವನ ಕೈಯನ್ನು ನೋಡುತ್ತದೆ, ಧೈರ್ಯವನ್ನು ನೋಡುತ್ತದೆ, ಕೆಲವೊಮ್ಮೆ ಔದಾರ್ಯವನ್ನು ನೋಡುತ್ತದೆ. ಹುಟ್ಟನ್ನು ನೋಡುವುದು ಅಪರೂಪ. ಹುಟ್ಟಿನ ಮಾತನ್ನು ಮುಂದೆ ಮಾಡಿದ್ದು ಪ್ರಶಸ್ತಿ, ಕಥೆಯಲ್ಲ. ಪ್ರಶಸ್ತಿಗಳನ್ನು ಇತಿಹಾಸಕ್ಕೂ ಕಥೆಗಳನ್ನು ಸಾಹಿತ್ಯಕ್ಕೂ ಬಿಟ್ಟುಕೊಟ್ಟು ಬೇರೆ ಬೇರೆಯಾಗಿ ಓದುವ ನಮ್ಮ ಅಭ್ಯಾಸದಿಂದ ಈ ವ್ಯತ್ಯಾಸ ಕಣ್ಣಿಗೆ ಬೀಳದೆ ಉಳಿದಿದೆ. ಹೊರನಾಡಿನಲ್ಲಿ ದುಡಿಯುವ ಸಂಶೋಧಕರಿಗೆ ಎರಡನ್ನೂ ಒಟ್ಟಿಗೆ ಓದುವ ಅವಕಾಶ ಹೆಚ್ಚು. ಅವರು ನಿಂತ ನೆಲದಲ್ಲಿಯೇ ಶಾಸನಗಳಿವೆ. ವಾಶಿಯ ಆ ಹುಡುಗಿಗೆ ಅಂದು ನಾವು ಕೊಡದೆ ಉಳಿದ ಉತ್ತರವನ್ನು ಈಗ ಕೊಡಬಹುದು: ಖಾರಿಯ ಆಚೆ ದಡದ ಅರಸರು ಅದು ತಮ್ಮ ಕುಲಕ್ಕೆ ಸೇರಿದ್ದೆಂದು ತಾಮ್ರದಲ್ಲಿ ಕೊರೆಯಿಸಿದರು, ಅವರ ಮೂಲಪುರುಷನಾದರೋ ಅದನ್ನು ಎಲ್ಲರಿಗೂ ಹಂಚಿ ಹೋಗಿದ್ದನು.