ಬಿಜಾಪುರದಿಂದ ಹೊರಟ ಹೊಗೆ

ಹದಿನೇಳನೆಯ ಶತಮಾನದ ಮೊದಲ ವರ್ಷಗಳಲ್ಲಿ ಮೊಗಲ್ ಚಕ್ರವರ್ತಿ ಅಕ್ಬರನು ಅಸದ್ ಬೇಗ್ ಎಂಬ ತನ್ನ ಅಧಿಕಾರಿಯನ್ನು ಬಿಜಾಪುರಕ್ಕೆ ಕಳುಹಿಸಿದ್ದನು. ಎರಡನೆಯ ಇಬ್ರಾಹೀಮ್ ಆದಿಲ್ ಶಾಹನ ಮಗಳಿಗೂ ರಾಜಕುಮಾರ ದಾನಿಯಾಲನಿಗೂ ನಿಶ್ಚಯವಾಗಿದ್ದ ವಿವಾಹದ ಕಾರ್ಯವದು. ಆ ಪ್ರಯಾಣದಲ್ಲಿ, ನಮ್ಮ ಇಂದಿನ ವಿಜಯಪುರದಲ್ಲಿ, ಅಸದ್ ಬೇಗನು ಉತ್ತರ ಹಿಂದೂಸ್ಥಾನದಲ್ಲಿ ಎಂದೂ ಕಾಣದ ವಸ್ತುವೊಂದನ್ನು ಕಂಡನು. ಅದು ತಂಬಾಕು. ಪೋರ್ಚುಗೀಸರ ಹಡಗುಗಳು ಪಶ್ಚಿಮ ಕರಾವಳಿಯಲ್ಲಿ ಇಳಿಸಿದ ಆ ಸೊಪ್ಪು ದಖನ್ನಿನ ಸುಲ್ತಾನರ ನಾಡಿನಲ್ಲಿ ಆಗಲೇ ಪರಿಚಿತವಾಗಿತ್ತು.

ಅಸದ್ ಬೇಗನು ಸೊಪ್ಪನ್ನಷ್ಟೇ ತರಲಿಲ್ಲ. ಮೂರು ಮೊಳ ಉದ್ದದ, ರತ್ನಗಳಿಂದ ಅಲಂಕರಿಸಿದ ಕೊಳವೆ, ಬಾಯಿಗಿಡುವ ತುದಿಗೆ ಯಮನ್ ದೇಶದ ಅಕೀಕ್ ಕಲ್ಲು, ಬೆಂಕಿಗೆ ಚಿನ್ನದ ಬಟ್ಟಲು, ಇವೆಲ್ಲವನ್ನೂ ಬೆಳ್ಳಿಯ ತಟ್ಟೆಯಲ್ಲಿ ಜೋಡಿಸಿ ಚಕ್ರವರ್ತಿಯ ಮುಂದಿಟ್ಟನು. ಹೊಸ ಚಟವು ಲೋಕವನ್ನು ಪ್ರವೇಶಿಸುವುದು ಹೆಚ್ಚಾಗಿ ಇಂಥ ಸುಂದರ ತಟ್ಟೆಯಲ್ಲಿಯೇ. ಇದೇನೆಂದು ಅಕ್ಬರನು ಕೇಳಿದಾಗ ಖಾನೆ ಆಝಮನು, ಇದು ತಂಬಾಕು, ಮಕ್ಕಾ ಮದೀನಗಳಲ್ಲೂ ತಿಳಿದಿರುವಂಥದ್ದು, ಔಷಧಿಯೆಂದು ತಂದಿದ್ದಾರೆ ಎಂದನು. ಪವಿತ್ರ ನಗರಗಳ ಹೆಸರು, ಔಷಧವೆಂಬ ಬಿರುದು! ವ್ಯಾಪಾರಿಗೆ ಇದಕ್ಕಿಂತ ದೊಡ್ಡ ಜಾಹೀರಾತು ಬೇಕಿತ್ತೇ?

ಅಕ್ಬರನು ಎರಡು ಮೂರು ಬಾರಿ ಎಳೆದನು. ಹಕೀಮನು ಮುಂದೆ ಬಂದು ತಡೆದನು. ಆಗ ನಡೆದ ವಾದವನ್ನು ಅಸದ್ ಬೇಗನೇ ಬರೆದಿಟ್ಟಿದ್ದಾನೆ. ಇದು ಪರೀಕ್ಷೆಗೊಳಗಾಗದ ವಸ್ತು. ನಮ್ಮ ವೈದ್ಯರು ಇದರ ಬಗ್ಗೆ ಏನೂ ಬರೆದಿಲ್ಲ. ಗೊತ್ತಿಲ್ಲದ ಪದಾರ್ಥದ ಗುಣವನ್ನು ದೊರೆಗೆ ಹೇಗೆ ವಿವರಿಸಲಿ ಎಂಬುದು ಹಕೀಮನ ನಿಲುವು. ಯುರೋಪಿನ ಜನರು ಅಷ್ಟೊಂದು ಮೂರ್ಖರಲ್ಲ, ಲೋಕದ ಪ್ರತಿಯೊಂದು ಪದ್ಧತಿಯೂ ಒಂದು ದಿನ ಹೊಸದೇ ಆಗಿತ್ತು ಎಂಬುದು ಅಸದ್ ಬೇಗನ ಉತ್ತರ. ಮಾತಿನ ಚಾತುರ್ಯದಲ್ಲಿ ಗೆದ್ದವನು ಅಸದ್ ಬೇಗ್. ಅಕ್ಬರನು ಸ್ವತಃ ಆ ಅಭ್ಯಾಸವನ್ನು ಮುಂದುವರಿಸಲಿಲ್ಲ. ಆದರೆ ಅಸದ್ ಬೇಗನು ಸೊಪ್ಪನ್ನು ಅಮೀರರಿಗೆ ಹಂಚಿದನು, ಅವರು ಮತ್ತೆ ಬೇಡಿದರು, ವರ್ತಕರು ಮಾರತೊಡಗಿದರು. ದರಬಾರಿನಲ್ಲಿ ಪ್ರಶ್ನೆ ಇತ್ಯರ್ಥವಾಗುವ ಮೊದಲೇ ಅದು ಬೀದಿಯಲ್ಲಿ ಇತ್ಯರ್ಥವಾಗಿತ್ತು.

1617ರಲ್ಲಿ ಜಹಾಂಗೀರನು ಧೂಮಪಾನವನ್ನು ನಿಷೇಧಿಸಿದನು. ಇರಾನಿನ ಶಾಹ್ ಅಬ್ಬಾಸನೂ ಹಾಗೆಯೇ ಮಾಡಿದ್ದನು. ಆದರೆ ಇರಾನಿಗೆ ಹೋದ ಜಹಾಂಗೀರನ ರಾಯಭಾರಿ ಖಾನ್ ಆಲಮನಿಗೆ ಹೊಗೆಯಿಲ್ಲದೆ ಒಂದು ಗಳಿಗೆಯೂ ಸಾಗದು; ಕೊನೆಗೆ ಶಾಹನು ಅವನಿಗೆ ಮಾತ್ರ ಸೇದಲು ಅನುಮತಿ ನೀಡಬೇಕಾಯಿತು. ಇಸ್ತಾಂಬುಲಿನಲ್ಲಿ 1633ರ ಮಹಾ ಅಗ್ನಿ ದುರಂತದ ಬಳಿಕ ಸುಲ್ತಾನ್ ನಾಲ್ಕನೆಯ ಮುರಾದನು ಕಾಫಿ ಅಂಗಡಿಗಳನ್ನು ಮುಚ್ಚಿಸಿ, ಹೊಗೆ ಸೇದುವವರಿಗೆ ಮರಣದಂಡನೆಯನ್ನೇ ವಿಧಿಸಿದನು. ಆ ಕಾಲದ ವಿದ್ವಾಂಸ ಕಾತಿಬ್ ಚೆಲೆಬಿ ಬರೆದಿರುವ ಒಂದು ವಿವರ ನಮ್ಮ ಮನಸ್ಸಿನಲ್ಲಿ ನಿಂತಿದೆ. ಕೆಲವು ಸೈನಿಕರು ಗಿಡ್ಡ ಕೊಳವೆಗಳನ್ನು ಅಂಗಿಯ ತೋಳಿನೊಳಗೆ, ಜೇಬಿನೊಳಗೆ ಅಡಗಿಸಿಕೊಂಡು, ಇತರರಿಗೆ ಶಿಕ್ಷೆಯಾಗುತ್ತಿರುವ ಹೊತ್ತಿನಲ್ಲೂ ಸೇದಲು ಅವಕಾಶ ಹುಡುಕುತ್ತಿದ್ದರಂತೆ. ಮೂರು ಮೊಳದ ಕೊಳವೆಯು ಜೇಬಿಗೆ ಹಿಡಿಯುವಷ್ಟು ಕುಗ್ಗಿದ್ದು ನಿಷೇಧದ ಕಾಲದಲ್ಲಿ.

ಉಲಮಾಗಳೂ ಒಂದೇ ಮಾತಿನಲ್ಲಿರಲಿಲ್ಲ. ಕೈರೋ ನಗರದಲ್ಲಿ, ಒಂದೇ ಮಾಲಿಕಿ ಮದ್‌ಹಬಿನೊಳಗೆ, ಇಬ್ರಾಹೀಮ್ ಅಲ್‌ಲಕಾನಿಯವರು ತಂಬಾಕನ್ನು ಹರಾಮ್ ಎಂದರೆ ಅಲಿ ಅಲ್‌ಉಜ್‌ಹೂರಿಯವರು ಅದು ಮುಬಾಹ್ ಎಂದರು. ದಮಾಸ್ಕಸ್‌ನ ಅಬ್ದುಲ್ ಗನಿ ಅನ್ನಾಬುಲುಸಿಯವರು 1682ರಲ್ಲಿ ಅನುಮತಿಯ ಪರವಾಗಿ ಗ್ರಂಥವನ್ನೇ ರಚಿಸಿದರು. ಈ ಹೆಸರುಗಳನ್ನು ಹಿಡಿದು, ಹಿರಿಯರೇ ಅನುಮತಿಸಿದ್ದಾರಲ್ಲ ಎಂದು ಇಂದಿಗೂ ವಾದಿಸುವವರಿದ್ದಾರೆ. ಅವರು ವಾದದ ಬುಡವನ್ನು ನೋಡುವುದಿಲ್ಲ. ಹಾನಿಕರವಾದುದು ಸಲ್ಲದು ಎಂಬುದರಲ್ಲಿ ಆ ವಿದ್ವಾಂಸರ ನಡುವೆ ಭಿನ್ನಮತವಿರಲಿಲ್ಲ. ಇದು ನಿಜವಾಗಿಯೂ ಹಾನಿಕರವೇ ಎಂಬುದರಲ್ಲಿತ್ತು ಭಿನ್ನಮತ. ಅದಕ್ಕೆ ಉತ್ತರ ಹೇಳಬೇಕಾದವರು ವೈದ್ಯರು. ವೈದ್ಯರ ಬಳಿ ಆಗ ಪುರಾವೆ ಇರಲಿಲ್ಲ.

ಪುರಾವೆ ಬಂದದ್ದು ಬಹಳ ತಡವಾಗಿ. 1950ರಲ್ಲಿ ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಅವರು ಶ್ವಾಸಕೋಶದ ಕ್ಯಾನ್ಸರಿಗೂ ಸಿಗರೇಟಿಗೂ ಇರುವ ನಂಟನ್ನು ಅಂಕಿ ಅಂಶಗಳೊಡನೆ ತೋರಿಸಿದರು. 1964ರಲ್ಲಿ ಅಮೆರಿಕದ ಸರ್ಜನ್ ಜನರಲ್ ವರದಿ ಅದನ್ನು ಅಧಿಕೃತವಾಗಿ ಸಾರಿತು. ಅಕ್ಬರನ ದರಬಾರಿನಲ್ಲಿ ಹಕೀಮನು ಎತ್ತಿದ ಪ್ರಶ್ನೆಗೆ ಸ್ಪಷ್ಟ ಉತ್ತರ ದೊರೆಯಲು ಸುಮಾರು ಮುನ್ನೂರ ಐವತ್ತು ವರ್ಷಗಳು ಹಿಡಿದವು. ಆ ನಡುವೆ ತಂಬಾಕಿಗೆ ಬಲಿಯಾದವರ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಈಗ ಅದೇ ಪ್ರಶ್ನೆ ಇನ್ನೊಂದು ರೂಪದಲ್ಲಿ ನಮ್ಮ ಮುಂದಿದೆ. 2003ರ ಸುಮಾರಿಗೆ ಚೀನಾದ ಔಷಧತಜ್ಞ ಹಾನ್ ಲಿಕ್ ಇಂದಿನ ಇ-ಸಿಗರೇಟನ್ನು ರೂಪಿಸಿದರು. ಅವರ ತಂದೆ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಅವರೂ ಸಿಗರೇಟಿನ ದಾಸರಾಗಿದ್ದರು. ಉದ್ದೇಶ ಕೆಟ್ಟದ್ದಲ್ಲ. ಈ ಸಾಧನದಲ್ಲಿ ಸೊಪ್ಪೂ ಇಲ್ಲ, ಬೆಂಕಿಯೂ ಇಲ್ಲ. ಬ್ಯಾಟರಿಯೊಂದು ಸಣ್ಣ ಲೋಹದ ಸುರುಳಿಯನ್ನು ಕಾಯಿಸುತ್ತದೆ. ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳಗಳನ್ನು ಬೆರೆಸಿದ ದ್ರವವು ಸೂಕ್ಷ್ಮ ಹನಿಗಳಾಗಿ ಎದೆಯೊಳಗೆ ಇಳಿಯುತ್ತದೆ. ಅದನ್ನು ಬರೀ ನೀರಿನ ಆವಿ ಎಂದು ನಂಬಿರುವವರು ವಿದ್ಯಾವಂತರಲ್ಲೂ ಇದ್ದಾರೆ. ನೀರಿನ ಆವಿ ಯಾರಿಗೂ ಚಟ ಹಿಡಿಸುವುದಿಲ್ಲ. ನಿಕೋಟಿನ್ ಹಿಡಿಸುತ್ತದೆ, ಅದರಲ್ಲೂ ಇನ್ನೂ ಬೆಳೆಯುತ್ತಿರುವ ಹದಿಹರೆಯದವರ ಮೆದುಳಿಗೆ.

ಸುಡದಿರುವುದರಿಂದ ಸಿಗರೇಟಿನ ಅನೇಕ ವಿಷಗಳು ಇದರಲ್ಲಿ ಕಡಿಮೆ ಎಂಬುದನ್ನು ಒಪ್ಪಬೇಕು. ಹಳೆಯ ಧೂಮಪಾನಿಗಳು ಸಿಗರೇಟು ಬಿಡಲೆಂದು ಬ್ರಿಟನ್ನಿನ ಆರೋಗ್ಯ ಇಲಾಖೆಯೇ ಇದನ್ನು ಬಳಸಿಕೊಂಡಿದೆ. ಆದರೆ ಅದೇ ಬ್ರಿಟನ್ 2025ರ ಜೂನ್‌ನಿಂದ, ಬಳಸಿ ಎಸೆಯುವ ವೇಪ್‌ಗಳ ಮಾರಾಟವನ್ನು ನಿಷೇಧಿಸಿತು. ಅಮೆರಿಕದಲ್ಲಿ 2019ರಲ್ಲಿ ಕಾಣಿಸಿಕೊಂಡ ಶ್ವಾಸಕೋಶದ ತೀವ್ರ ಹಾನಿಯಿಂದ 2020ರ ಫೆಬ್ರವರಿಯ ವೇಳೆಗೆ 68 ಮಂದಿ ಮೃತಪಟ್ಟಿದ್ದರು. ಮುಖ್ಯ ಕಾರಣ ಗಾಂಜಾದ ಸಾರಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಎಂದು ಕಂಡುಬಂತು. ಒಳಗೆ ಏನು ತುಂಬಿದ್ದಾರೆಂಬುದು ಸೇದುವವನಿಗೂ ತಿಳಿಯುವುದಿಲ್ಲ. ಮೂವತ್ತು ನಲವತ್ತು ವರ್ಷ ಇದನ್ನು ಸೇದಿದವರು ಭೂಮಿಯ ಮೇಲೆ ಇನ್ನೂ ಇಲ್ಲ. ಆದ್ದರಿಂದ ದೀರ್ಘಕಾಲದ ಪರಿಣಾಮದ ಬಗ್ಗೆ ವೈದ್ಯರು ಹೇಳಬಹುದಾದುದು ಅಕ್ಬರನ ಹಕೀಮನು ಹೇಳಿದ್ದನ್ನೇ.

ನಮ್ಮ ದೇಶದಲ್ಲಿ ಹಿರಿಯರ ಅರಿವು ಎಷ್ಟಿದೆ? ಹದಿನೈದು ವರ್ಷ ಮೇಲ್ಪಟ್ಟವರನ್ನು ಕುರಿತು 2016-17ರಲ್ಲಿ ನಡೆದ ಎರಡನೆಯ ಜಾಗತಿಕ ವಯಸ್ಕ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುವವರು ಶೇ. 28.6. ಇ-ಸಿಗರೇಟಿನ ಬಗ್ಗೆ ಕೇಳಿ ಬಲ್ಲವರು ಕೇವಲ ಶೇ. 3. ನೂರರಲ್ಲಿ ತೊಂಬತ್ತೇಳು ಜನರು ಹೆಸರನ್ನೂ ಕೇಳಿರಲಿಲ್ಲ. ಹೆಸರು ಕೇಳುವುದಕ್ಕೂ ವಸ್ತುವನ್ನು ಅರಿಯುವುದಕ್ಕೂ ಇರುವ ಅಂತರ ಬೇರೆಯೇ. ಅಜ್ಜನ ಬೀಡಿಯ ವಾಸನೆ ಮನೆಯ ಬಾಗಿಲಲ್ಲೇ ತಿಳಿಯುತ್ತಿತ್ತು. ಮಾವಿನ ಹಣ್ಣಿನ, ಪುದೀನದ ಪರಿಮಳ ಬೀರುವ, ಪೆನ್ ಅಥವಾ ಪೆನ್ ಡ್ರೈವ್‌ನಂತೆ ಕಾಣುವ ವಸ್ತುವು ಮಗನ ಶಾಲಾ ಚೀಲದಲ್ಲಿದ್ದರೆ ತಂದೆಗೆ ಏನೂ ಅನಿಸದು. ಅದನ್ನು ಚಾರ್ಜಿಗಿಟ್ಟ ತಾಯಿಗೂ ಅನುಮಾನ ಬಾರದು. ಹೊಗೆಯಲ್ಲ, ಆವಿಯಲ್ಲವೇ, ಉಪವಾಸ ಹೇಗೆ ಮುರಿಯುತ್ತದೆ ಎಂದು ರಮಝಾನಿನಲ್ಲಿ ಯುವಕರು ಕೇಳುವುದುಂಟು. ಉದ್ದೇಶಪೂರ್ವಕವಾಗಿ ಒಳಗೆಳೆದುಕೊಳ್ಳುವ ದ್ರವ್ಯವಾದ್ದರಿಂದ ಸಿಗರೇಟಿನಂತೆಯೇ ಇದರಿಂದಲೂ ಉಪವಾಸ ಅಸಿಂಧುವಾಗುತ್ತದೆ. ಆ ಪ್ರಶ್ನೆಯನ್ನು ಮನೆಯ ಹಿರಿಯರು ಕೇಳಿಸಿಕೊಂಡಿದ್ದರೆ ಇನ್ನಷ್ಟು ವಿಷಯ ತಿಳಿಯುತ್ತಿತ್ತು.

ಕರ್ನಾಟಕ ಸರಕಾರವು 2016ರಲ್ಲೇ ಇ-ಸಿಗರೇಟಿಗೆ ನಿಷೇಧ ಹೇರಿತ್ತು. ಕೇಂದ್ರ ಸರಕಾರವು 2019ರ ಸೆಪ್ಟೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, ಡಿಸೆಂಬರಿನಲ್ಲಿ ಅದನ್ನು ಕಾಯಿದೆಯಾಗಿಸಿತು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಇ-ಹುಕ್ಕಾ ಕೂಡ ಅದರ ವ್ಯಾಪ್ತಿಗೆ ಸೇರಿದೆ. ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಸೆರೆಮನೆ ಅಥವಾ ಒಂದು ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ. ಮರುಕಳಿಸಿದರೆ ಮೂರು ವರ್ಷದವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ. ನಿಷೇಧವಾಯಿತೆಂದು ಹಿರಿಯರು ನಿಶ್ಚಿಂತರಾದರು. ಮುರಾದನ ಸೈನಿಕರ ತೋಳು ಅವರಿಗೆ ನೆನಪಾಗಲಿಲ್ಲ.

ನಮ್ಮ ಕುಟುಂಬಗಳಿಗೆ, ಮುಖ್ಯವಾಗಿ ಕರಾವಳಿಯವರಿಗೆ, ಇದರಲ್ಲಿ ಇನ್ನೊಂದು ತೊಡಕಿದೆ. ಭಾರತವು ಬಾಗಿಲು ಮುಚ್ಚಿದ ಅದೇ 2019ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಇದರ ಮಾರಾಟಕ್ಕೆ ಬಾಗಿಲು ತೆರೆಯಿತು. ದುಬೈಯ ಅಂಗಡಿಯಲ್ಲಿ ರಸೀದಿ ಸಹಿತ ಕೊಂಡ ವಸ್ತು ಮಂಗಳೂರಿನಲ್ಲಿ ಇಳಿಯುವಾಗ ಕಾನೂನುಬಾಹಿರ ಆಮದಾಗುತ್ತದೆ. ತಮ್ಮನಿಗೋ ಭಾವನಿಗೋ ಉಡುಗೊರೆಯೆಂದು, ಅತ್ತರು ಮತ್ತು ಚಾಕಲೇಟಿನ ಜೊತೆ ಅದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬರುವವರಿಗೆ ಇದು ತಿಳಿದಿರುವುದಿಲ್ಲ. ಆ ಪೆಟ್ಟಿಗೆಯನ್ನು ಊರಿನಲ್ಲಿ ಬಿಚ್ಚುವವರು ಹೆಚ್ಚಾಗಿ ತಂದೆ ತಾಯಿಯರೇ.